ಕಾಯದ ಕಾಯಕ: ಯಕೃತ್ತು ಮತ್ತು ಮೂತ್ರಪಿಂಡಗಳ ದೋಷಾದೋಷ ವಿವೇಕ

ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ಇಂದು ಸೇಡಂ ತಾಲೂಕಿನ ಒಂದು ಗ್ರಾಮ. ಒಂಬತ್ತನೆಯ ಶತಮಾನದಲ್ಲಿ ಅದು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿ ಮೆರೆದಿತ್ತು. ಆತನ ಆಶ್ರಯದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ಕನ್ನಡದಲ್ಲಿ ಉಪಲಬ್ಧವಿರುವ ಗ್ರಂಥಗಳಲ್ಲಿ ಮೊದಲನೆಯದು. ಆ ಗ್ರಂಥದ ಪ್ರಥಮ ಪರಿಚ್ಛೇದಕ್ಕೆ ‘ದೋಷಾದೋಷಾನುವರ್ಣನ ನಿರ್ಣಯ’ವೆಂದು ಹೆಸರು. ಕಾವ್ಯದಲ್ಲಿ ಯಾವುದು ದೋಷ, ಯಾವುದು ದೋಷವಲ್ಲ ಎಂಬುದನ್ನು ಅರಿಯದವನು ಗುಣಾಲಂಕಾರಗಳ ವಿಚಾರಕ್ಕೆ ಕೈಹಾಕಲಾಗದು. ಆದುದರಿಂದಲೇ ಆ ವಿವೇಚನೆಗೆ ಅಲ್ಲಿ ಅಗ್ರಸ್ಥಾನ.

ಮನುಷ್ಯನ ಶರೀರದೊಳಗೂ ಇಂತಹ ನಿರ್ಣಯವೊಂದು ಅಹರ್ನಿಶಿ ನಡೆಯುತ್ತಿದೆ. ಉಂಡ ಅನ್ನದಲ್ಲಿ, ಕುಡಿದ ನೀರಿನಲ್ಲಿ, ಹರಿಯುವ ರಕ್ತದಲ್ಲಿ ಇಟ್ಟುಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂದು ತೀರ್ಮಾನಿಸುವ ಅಂಗಗಳಲ್ಲಿ ಯಕೃತ್ತು ಮತ್ತು ಮೂತ್ರಪಿಂಡಗಳು ಪ್ರಧಾನವಾದುವು. ಇವುಗಳನ್ನು ಕಸ ಹೊರಹಾಕುವ ಅಂಗಗಳೆಂದಷ್ಟೇ ತಿಳಿಯುವುದು ರೂಢಿ. ಆ ತಿಳಿವಳಿಕೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಶುದ್ಧಿಯೆಂದರೆ ಬರಿಯ ವರ್ಜನೆಯಲ್ಲ, ವಿವೇಕಯುಕ್ತವಾದ ಸ್ವೀಕಾರವೂ ಅದರಲ್ಲಿ ಅಡಕವಾಗಿದೆ ಎಂಬ ತತ್ತ್ವವನ್ನು ಈ ಅಂಗಗಳು ಕ್ಷಣಕ್ಷಣವೂ ಆಚರಿಸಿ ತೋರಿಸುತ್ತವೆ.

ಒಳಗಿನ ಜಲ, ಒಳಗಿನ ಸಮತೆ

ಪ್ರಾಯದ ಮನುಷ್ಯನ ದೇಹತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ 60 ಭಾಗ ನೀರೇ ಇದೆ. ದೇಹದ ಕೋಟ್ಯಂತರ ಜೀವಕೋಶಗಳು ಈ ಒಳಗಿನ ನೀರಿನಲ್ಲಿ ಮೀನುಗಳಂತೆ ಬದುಕುತ್ತವೆ. ಹೊರಗಿನ ಹವೆ ಹೇಗೇ ಇರಲಿ, ಈ ಒಳಪರಿಸರವು ಸ್ಥಿರವಾಗಿರುವುದೇ ಸ್ವತಂತ್ರ ಜೀವನಕ್ಕೆ ಆಧಾರವೆಂದು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಪ್ರತಿಪಾದಿಸಿದನು. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞನು 1926ರಲ್ಲಿ ಇದಕ್ಕೆ ಹೋಮಿಯೋಸ್ಟಾಸಿಸ್ ಎಂಬ ಹೆಸರನ್ನಿತ್ತನು. ಗ್ರೀಕ್ ಭಾಷೆಯಲ್ಲಿ ‘ಸದೃಶ’ ಮತ್ತು ‘ನಿಲುವು’ ಎಂಬ ಅರ್ಥದ ಎರಡು ಪದಗಳು ಸೇರಿ ಈ ಶಬ್ದವಾಗಿದೆ. ಕನ್ನಡದಲ್ಲಿ ಇದನ್ನು ಸಮಸ್ಥಿತಿಯೆಂದು ಕರೆಯಬಹುದು.

ಸಮಸ್ಥಿತಿಯು ಕಲ್ಲಿನ ಸ್ಥಿರತೆಯಂತಹುದಲ್ಲ. ಹಗ್ಗದ ಮೇಲೆ ನಡೆಯುವ ದೊಂಬರವನ ಸ್ಥಿರತೆಯಂತಹುದು. ಅವನು ಎಡಕ್ಕೆ ವಾಲಿದಾಗ ಬಲಕ್ಕೆ, ಬಲಕ್ಕೆ ವಾಲಿದಾಗ ಎಡಕ್ಕೆ ಭಾರವನ್ನು ತೂಗಿಸುತ್ತಲೇ ಇರುತ್ತಾನೆ. ಹಾಗೆಯೇ ರಕ್ತದ ಆಮ್ಲ-ಕ್ಷಾರ ಪ್ರಮಾಣವನ್ನು ಸೂಚಿಸುವ ಪಿ.ಎಚ್. ಅಂಕಿಯು 7.35ರಿಂದ 7.45ರ ಇಕ್ಕಟ್ಟಾದ ಮೇರೆಯೊಳಗೆ ನಿಲ್ಲಬೇಕು. ಬರಿಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರಬೇಕು. ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳು ತಮ್ಮ ತಮ್ಮ ಪರಿಮಿತಿಯನ್ನು ಮೀರಬಾರದು. ಈ ತೂಗಾಟದಲ್ಲಿ ಯಕೃತ್ತು ಮತ್ತು ಮೂತ್ರಪಿಂಡಗಳು ಒಂದಕ್ಕೊಂದು ಹೆಗಲು ಕೊಡುತ್ತವೆ.

ಯಕೃತ್ತಿನ ಪಾಕಶಾಲೆ

ಯಕೃತ್ತು ಸಂಸ್ಕೃತದ ಪ್ರಾಚೀನ ಶಬ್ದ. ಶಾಲಾ ಪಠ್ಯಗಳಲ್ಲಿ ಇದನ್ನು ಪಿತ್ತಜನಕಾಂಗವೆಂದೂ ಕರೆಯುತ್ತಾರೆ. ಪಿತ್ತಕೋಶವೆಂಬುದು ಬೇರೆ, ಅದು ಯಕೃತ್ತಿನ ಅಡಿಯಲ್ಲಿದ್ದು ಪಿತ್ತರಸವನ್ನು ಕೂಡಿಟ್ಟುಕೊಳ್ಳುವ ಸಣ್ಣ ಚೀಲ. ವಿದ್ಯಾರ್ಥಿಗಳು ಈ ಎರಡು ಶಬ್ದಗಳನ್ನು ಬೆರಸಬಾರದು. ಆಯುರ್ವೇದವು ಯಕೃತ್-ಪ್ಲೀಹಗಳನ್ನು ರಕ್ತವಹ ಸ್ರೋತಸ್ಸುಗಳ ಮೂಲವೆಂದು ಎಣಿಸಿತು. ಹೊಟ್ಟೆಯ ಬಲಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಕುಳಿತಿರುವ ಈ ಅಂಗದ ತೂಕ ಸುಮಾರು ಒಂದೂವರೆ ಕಿಲೋಗ್ರಾಂ.

ಇದರ ವೈಶಿಷ್ಟ್ಯವು ರಕ್ತದ ಬರವಿನಲ್ಲಿದೆ. ಇತರ ಅಂಗಗಳಂತೆ ಧಮನಿಯ ಮೂಲಕ ಪ್ರಾಣವಾಯುವಿನಿಂದ ಕೂಡಿದ ರಕ್ತವು ಇದಕ್ಕೂ ಬರುತ್ತದೆ. ಆದರೆ ಯಕೃತ್ತಿಗೆ ಬರುವ ರಕ್ತದ ಮುಕ್ಕಾಲು ಪಾಲು ಕರುಳಿನಿಂದ ಹೊರಟ ಪೋರ್ಟಲ್ ಅಭಿಧಮನಿಯದು. ಎಂದರೆ, ಉಂಡ ಆಹಾರದ ಬಹುಪಾಲು ಸಾರವು ದೇಹದ ಉಳಿದ ಭಾಗಗಳಿಗೆ ತಲುಪುವ ಮುನ್ನ ಯಕೃತ್ತಿನ ಪರೀಕ್ಷೆಗೆ ಒಳಗಾಗಲೇಬೇಕು. ಸಂತೆಗೆ ಬಂದ ಧಾನ್ಯವನ್ನು ಊರ ಬಾಗಿಲಲ್ಲಿಯೇ ತೂಗಿ, ಜರಡಿ ಹಿಡಿದು, ಕಣಜಕ್ಕೆ ಹೋಗತಕ್ಕದ್ದನ್ನು ಕಣಜಕ್ಕೆ, ಪೇಟೆಗೆ ಹೋಗತಕ್ಕದ್ದನ್ನು ಪೇಟೆಗೆ ಕಳಿಸುವ ವ್ಯವಸ್ಥೆಯಂತೆ ಇದು.

ಕಣಜದ ಮಾತು ಉಪಮೆ ಮಾತ್ರವಲ್ಲ. ಊಟವಾದೊಡನೆ ರಕ್ತದಲ್ಲಿ ಹೆಚ್ಚಾಗುವ ಗ್ಲೂಕೋಸನ್ನು ಯಕೃತ್ತು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಶಿವರಾತ್ರಿಯಂದು ನಿರಾಹಾರವಿದ್ದು ಜಾಗರಣೆ ಮಾಡುವ ಭಕ್ತನ ಮಿದುಳು ಆ ರಾತ್ರಿಯೆಲ್ಲ ಎಚ್ಚರವಾಗಿ ಕೆಲಸ ಮಾಡಬಲ್ಲುದಾದರೆ, ಯಕೃತ್ತು ತನ್ನ ಕಣಜದಿಂದ ಗ್ಲೂಕೋಸನ್ನು ಅಳೆದಳೆದು ರಕ್ತಕ್ಕೆ ನೀಡುತ್ತಿರುವುದೇ ಅದಕ್ಕೆ ಕಾರಣ. ಈ ಸಂಗ್ರಹವು ಸುಮಾರು ಒಂದು ದಿನದ ಉಪವಾಸಕ್ಕೆ ಸಾಲುವಷ್ಟು. ಅದು ಬರಿದಾಗುವ ಮೊದಲೇ ಯಕೃತ್ತು ಅಮೈನೋ ಆಮ್ಲ ಮೊದಲಾದ ಬೇರೆ ಪದಾರ್ಥಗಳಿಂದ ಹೊಸ ಗ್ಲೂಕೋಸನ್ನು ತಯಾರಿಸತೊಡಗುತ್ತದೆ. ದೀರ್ಘ ಉಪವಾಸದಲ್ಲಿ ಮೂತ್ರಪಿಂಡಗಳೂ ಈ ತಯಾರಿಕೆಗೆ ನೆರವಾಗುತ್ತವೆ.

ತೊಗರಿಯಿಂದ ಯೂರಿಯಾದವರೆಗೆ

ಎರಡು ಅಂಗಗಳ ಸಹಕಾರವು ಸ್ಪಷ್ಟವಾಗಿ ತೋರುವುದು ಸಸಾರಜನಕದ ವಿಷಯದಲ್ಲಿ. ಕಲಬುರಗಿ ಜಿಲ್ಲೆಗೆ ತೊಗರಿಯ ಕಣಜವೆಂಬ ಖ್ಯಾತಿಯಿದೆ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮನೆಮನೆಯಲ್ಲಿ ಜೋಳದ ರೊಟ್ಟಿಯೊಡನೆ ಬಡಿಸುವ ತೊಗರಿಬೇಳೆಯ 100 ಗ್ರಾಮಿನಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಜೀರ್ಣಾಂಗಗಳು ಇದನ್ನು ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ದೇಹವು ತನಗೆ ಬೇಕಾದಷ್ಟನ್ನು ಮಾಂಸಖಂಡಗಳ ನಿರ್ಮಾಣಕ್ಕೆ, ಸವೆದ ಕೋಶಗಳ ದುರಸ್ತಿಗೆ ಬಳಸಿಕೊಳ್ಳುತ್ತದೆ. ಮಿಕ್ಕುದನ್ನು ಕೊಬ್ಬಿನಂತೆ ಕೂಡಿಡುವ ಉಪಾಯ ದೇಹಕ್ಕಿಲ್ಲ. ಅದನ್ನು ಉರುವಲಾಗಿ ಬಳಸುವಾಗ ಅದರಲ್ಲಿಯ ನೈಟ್ರೋಜನ್ ಅಂಶವು ಅಮೋನಿಯವಾಗಿ ಬೇರ್ಪಡುತ್ತದೆ.

ಅಮೋನಿಯವು ಮಿದುಳಿಗೆ ವಿಷ. ಯಕೃತ್ತು ಎರಡು ಅಮೋನಿಯ ಕಣಗಳಷ್ಟು ನೈಟ್ರೋಜನ್ನನ್ನು ಇಂಗಾಲಾಮ್ಲದೊಡನೆ ಹೆಣೆದು, ಬಹಳ ಸೌಮ್ಯವಾದ, ನೀರಿನಲ್ಲಿ ಸುಲಭವಾಗಿ ಕರಗುವ ಯೂರಿಯಾವನ್ನು ಮಾಡುತ್ತದೆ. ಹಂತಹಂತವಾಗಿ ನಡೆದು ಮತ್ತೆ ಮೊದಲಿಗೇ ಬಂದು ಸೇರುವ ಈ ರಾಸಾಯನಿಕ ಚಕ್ರವನ್ನು ಹಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸೆಲೈಟ್ ಎಂಬ ಜರ್ಮನ್ ವಿಜ್ಞಾನಿಗಳು 1932ರಲ್ಲಿ ಕಂಡುಹಿಡಿದರು. ಯಕೃತ್ತು ತಯಾರಿಸಿದ ಯೂರಿಯಾವನ್ನು ರಕ್ತವು ಹೊತ್ತೊಯ್ಯುತ್ತದೆ, ಮೂತ್ರಪಿಂಡಗಳು ಹೊರಹಾಕುತ್ತವೆ. ಯಕೃತ್ತು ಸೋತರೆ ಅಮೋನಿಯವು ಯೂರಿಯಾವಾಗದೆ ರಕ್ತದಲ್ಲಿ ಉಳಿದು ರೋಗಿಗೆ ಮಂಕು ಕವಿಯುತ್ತದೆ. ಮೂತ್ರಪಿಂಡಗಳು ಸೋತರೆ ಯೂರಿಯಾವೇ ಮೊದಲಾದ ಕಲ್ಮಷಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಒಬ್ಬರ ಕಾಯಕ ನಿಂತಲ್ಲಿ ಇನ್ನೊಬ್ಬರ ಕಾಯಕವೂ ಅಪೂರ್ಣವೇ.

ರಕ್ತವರ್ಣದ ವಿಲೇವಾರಿಯಲ್ಲಿಯೂ ಯಕೃತ್ತಿನ ಪಾತ್ರವುಂಟು. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಮುದಿಯಾದ ಕಣವನ್ನು ಪ್ಲೀಹ ಮತ್ತು ಯಕೃತ್ತುಗಳಲ್ಲಿ ಬಿಚ್ಚಿದಾಗ ಅದರಲ್ಲಿಯ ಕಬ್ಬಿಣವನ್ನು ದೇಹವು ಚೆಲ್ಲುವುದಿಲ್ಲ. ಹೊಸ ಕಣಗಳಿಗಾಗಿ ಕಾದಿಡುತ್ತದೆ. ಬಿಲಿರುಬಿನ್ ಎಂಬ ಹಳದಿಯ ಅಂಶವನ್ನು ಮಾತ್ರ ಯಕೃತ್ತು ಹದಗೊಳಿಸಿ ಪಿತ್ತರಸದೊಡನೆ ಕರುಳಿಗೆ ಬಿಡುತ್ತದೆ. ಈ ದಾರಿ ಕಟ್ಟಿದಾಗ ಹಳದಿಯು ರಕ್ತದಲ್ಲಿಯೇ ಉಳಿದು ಕಣ್ಣು, ಚರ್ಮಗಳಲ್ಲಿ ಕಾಣಿಸಿಕೊಳ್ಳುವುದು. ಇದೇ ಕಾಮಾಲೆ, ಈ ಭಾಗದ ಆಡುಮಾತಿನಲ್ಲಿ ಕಾಮಣಿ.

ಮೂತ್ರಪಿಂಡಗಳ ಮಡಿವಾಳಿಕೆ

ಸಂಸ್ಕೃತದಲ್ಲಿ ಮೂತ್ರಪಿಂಡಕ್ಕೆ ವೃಕ್ಕವೆಂದು ಹೆಸರು. ಅಂಗವು ಜೋಡಿಯಾದುದರಿಂದ ‘ವೃಕ್ಕೌ’ ಎಂಬ ದ್ವಿವಚನದ ಪ್ರಯೋಗ ಸಹಜ. ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ ಅವರೆಬೀಜದ ಆಕಾರದಲ್ಲಿರುವ ಇವುಗಳ ತೂಕ ಒಂದೊಂದೂ ಸುಮಾರು 150 ಗ್ರಾಂ. ಇಷ್ಟು ಸಣ್ಣ ಅಂಗಗಳಿಗೆ ಹೃದಯವು ತಾನು ಒತ್ತುವ ರಕ್ತದ ಐದನೆಯ ಒಂದು ಪಾಲನ್ನು ಕಳಿಸುತ್ತದೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಸೋಸುನಾಳಗಳಿವೆ. ನೆಫ್ರಾನಿನ ತುದಿಯಲ್ಲಿ ಸೂಕ್ಷ್ಮ ರಕ್ತನಾಳಗಳ ಒಂದು ಕುಚ್ಚು, ಅದನ್ನು ಬೊಗಸೆಯಂತೆ ಹಿಡಿದಿರುವ ಒಂದು ಬಟ್ಟಲು. ಈ ಬಟ್ಟಲಿನ ರಚನೆಯನ್ನು 1842ರಲ್ಲಿ ವಿವರಿಸಿದ ಇಂಗ್ಲೆಂಡಿನ ವಿಲಿಯಂ ಬೋಮನ್‌ನ ಹೆಸರೇ ಅದಕ್ಕೆ ನಿಂತಿದೆ.

ಈ ಕುಚ್ಚುಗಳಿಂದ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವು ಸೋಸಿ ಇಳಿಯುತ್ತದೆ. 15 ಲೀಟರ್ ಹಿಡಿಯುವ ಕೊಡದ ಲೆಕ್ಕದಲ್ಲಿ ಇದು 12 ಕೊಡ. ಆದರೆ ಮನುಷ್ಯನು ವಿಸರ್ಜಿಸುವ ಮೂತ್ರ ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದ 178 ಲೀಟರಿಗೂ ಮಿಕ್ಕ ದ್ರವ ಎಲ್ಲಿ ಹೋಯಿತು? ಇಲ್ಲಿಯೇ ಮೂತ್ರಪಿಂಡದ ಗುಟ್ಟು ಅಡಗಿದೆ. ರಕ್ತಕಣಗಳನ್ನೂ ದೊಡ್ಡ ಸಸಾರಜನಕದ ಕಣಗಳನ್ನೂ ಬಿಟ್ಟು, ನೀರು, ಸಕ್ಕರೆ, ಲವಣ, ಯೂರಿಯಾ ಎಲ್ಲವನ್ನೂ ಅದು ಮೊದಲು ಒಟ್ಟಿಗೆ ಕೆಳಕ್ಕಿಳಿಸುತ್ತದೆ. ಆಮೇಲೆ ನೀಳವಾದ ನಾಳದುದ್ದಕ್ಕೂ ಬೇಕಾದುದನ್ನು ಆಯ್ದು ಆಯ್ದು ರಕ್ತಕ್ಕೆ ಹಿಂದಿರುಗಿಸುತ್ತದೆ. ಗ್ಲೂಕೋಸು ಪೂರ್ತಿಯಾಗಿ ಹಿಂದಿರುಗುತ್ತದೆ. ಸೋಡಿಯಂ ಬಹುಪಾಲು ಹಿಂದಿರುಗುತ್ತದೆ. ಯೂರಿಯಾ ಅರ್ಧದಷ್ಟು ಹೊರಹೋಗುತ್ತದೆ. ಕ್ರಿಯಾಟಿನಿನ್ ಎಂಬ ಕಲ್ಮಷವು ಹಿಂದಿರುಗುವುದೇ ಇಲ್ಲ.

ಶರಣ ಮಡಿವಾಳ ಮಾಚಿದೇವರ ಕಾಯಕವನ್ನು ಇಲ್ಲಿ ನೆನೆಯುವುದು ಉಚಿತ. ಮಡಿವಾಳನು ಮೈಲಿಗೆಯ ಬಟ್ಟೆಯನ್ನು ಬಿಸಾಡುವವನಲ್ಲ. ಎಲ್ಲ ಬಟ್ಟೆಯನ್ನೂ ಹೊಳೆಗೆ ಒಯ್ದು, ಕೊಳೆಯನ್ನಷ್ಟೇ ನೀರಿಗೆ ಬಿಟ್ಟು, ಬಟ್ಟೆಯನ್ನು ಮಡಿಮಾಡಿ ಒಡೆಯನಿಗೆ ಒಪ್ಪಿಸುವವನು. ಮೂತ್ರಪಿಂಡಗಳು ರಕ್ತದ್ರವವನ್ನು ದಿನಕ್ಕೆ ಸುಮಾರು 60 ಸಲ ಹೀಗೆ ಮಡಿಮಾಡಿ ಒಪ್ಪಿಸುತ್ತವೆ.

ನೀರಿನ ಆಯವ್ಯಯವೂ ಇವುಗಳದೇ. ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿಯಂತಹ ಜಲಾಶಯದಲ್ಲಿ ಒಳಹರಿವು ಹೆಚ್ಚಾದಾಗ ಬಾಗಿಲು ತೆರೆಯುವುದು, ಬರಗಾಲದಲ್ಲಿ ತೂಬನ್ನು ಬಿಗಿಯುವುದು ಹೇಗೋ ಹಾಗೆ. ಬೆವರು ಹರಿದು ರಕ್ತವು ಗಟ್ಟಿಯಾದಾಗ ಮಿದುಳು ಅದನ್ನು ಅರಿತು, ನೀರನ್ನು ಉಳಿಸುವಂತೆ ಪಿಟ್ಯುಟರಿ ಗ್ರಂಥಿಯಿಂದ ಒಂದು ಹಾರ್ಮೋನನ್ನು ಕಳಿಸುತ್ತದೆ. ಆಗ ಮೂತ್ರವು ಕಡಮೆಯಾಗಿ ಬಣ್ಣ ಗಾಢವಾಗುವುದು. ನೀರು ಹೆಚ್ಚಾದಾಗ ಆ ಹಾರ್ಮೋನು ತಗ್ಗಿ ಮೂತ್ರವು ತಿಳಿಯಾಗುವುದು. ಇದಲ್ಲದೆ ಮೂತ್ರಪಿಂಡಗಳು ರಕ್ತದ ಆಮ್ಲಾಂಶವನ್ನು ತಗ್ಗಿಸುತ್ತವೆ, ರಕ್ತದೊತ್ತಡವನ್ನು ನಿಯಂತ್ರಿಸುತ್ತವೆ, ಕೆಂಪು ಕಣಗಳ ಉತ್ಪತ್ತಿಗೆ ಮಜ್ಜೆಯನ್ನು ಪ್ರೇರೇಪಿಸುತ್ತವೆ. ಬಿಸಿಲು ತಾಗಿದ ಚರ್ಮದಲ್ಲಿ ಹುಟ್ಟುವ ಡಿ ಜೀವಸತ್ವಕ್ಕೆ ಯಕೃತ್ತು ಮೊದಲ ಸಂಸ್ಕಾರವನ್ನೂ ಮೂತ್ರಪಿಂಡವು ಎರಡನೆಯ ಸಂಸ್ಕಾರವನ್ನೂ ಕೊಟ್ಟ ಮೇಲೆಯೇ ಅದು ಎಲುಬುಗಳ ಉಪಯೋಗಕ್ಕೆ ಬರುತ್ತದೆ.

ಕಲ್ಲು ಮತ್ತು ಬಿಸಿಲು

ಶಹಾಬಾದದ ಪರ್ಸಿಕಲ್ಲು ನಾಡಿನುದ್ದಕ್ಕೂ ನೆಲಹಾಸಾಗಿ ಹೆಸರಾಗಿದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಸುಣ್ಣಕಲ್ಲಿನ ನೆಲವೇ ಆಧಾರ. ಇಂತಹ ನೆಲದ ಬಾವಿ, ಕೊಳವೆಬಾವಿಗಳ ನೀರು ಗಡಸಾಗಿರುವುದು ಸ್ವಾಭಾವಿಕ. ಕಾಯಿಸಿದ ಪಾತ್ರೆಯ ಒಳಮೈಗೆ ಬಿಳಿಯ ಪೊರೆ ಕಟ್ಟುವುದನ್ನು ಕಂಡ ಜನರು, ಈ ನೀರೇ ಮೂತ್ರಪಿಂಡದಲ್ಲಿ ಹರಳಾಗುತ್ತದೆಂದು ನಂಬುವುದುಂಟು. ವಿಚಾರ ಮಾಡಿ ನೋಡಿದರೆ ಆ ಪಾತ್ರೆಯೇ ಬೇರೊಂದು ಪಾಠವನ್ನು ಹೇಳುತ್ತದೆ. ತುಂಬಿದ ಪಾತ್ರೆಯಲ್ಲಿ ಕರಗಿಯೇ ಇದ್ದ ಲವಣವು ನೀರು ಬತ್ತಿದಂತೆ ಪೊರೆಯಾಗಿ ನಿಲ್ಲುತ್ತದೆ. ಮೂತ್ರಪಿಂಡದ ಹರಳುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಅವು ಕಟ್ಟಿಕೊಳ್ಳಲು ಮುಖ್ಯ ಕಾರಣಗಳಲ್ಲೊಂದು ಮೂತ್ರವು ಕಡಮೆಯಾಗಿ ಗಟ್ಟಿಯಾಗುವುದು. ಗಡಸು ನೀರಿಗೆ ಹೆದರಿ ನೀರನ್ನೇ ಕಡಮೆ ಕುಡಿಯುವವನು ಹರಳನ್ನು ತಾನೇ ಆಮಂತ್ರಿಸಿದಂತೆ. ಸುಣ್ಣಾಂಶಕ್ಕೆ ಅಂಜಿ ಹಾಲು ಮೊಸರುಗಳನ್ನು ಬಿಡುವುದೂ ಸರಿಯಲ್ಲ. ಆಹಾರದಲ್ಲಿಯ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದೊಡನೆ ಹೊರಗೊಯ್ಯುತ್ತದೆ. ಅತಿಯಾದ ಉಪ್ಪು ಮಾತ್ರ ಮೂತ್ರಕ್ಕೆ ಕ್ಯಾಲ್ಸಿಯಂ ಹೆಚ್ಚಾಗಿ ಇಳಿಯುವಂತೆ ಮಾಡುತ್ತದೆ.

ಈ ಪ್ರದೇಶದ ಬೇಸಗೆಯಲ್ಲಿ ಉಷ್ಣಮಾನವು 42, 43 ಡಿಗ್ರಿಗಳನ್ನು ಮುಟ್ಟುವುದುಂಟು. ಅಂತಹ ಬಿಸಿಲಿನಲ್ಲಿ ಗಣಿಯಲ್ಲಿ ಕಲ್ಲು ಎಬ್ಬಿಸುವವನು, ಹೊಲದಲ್ಲಿ ದುಡಿಯುವವಳು, ಕುಲುಮೆಯ ಬಳಿ ನಿಲ್ಲುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರು ಸುರಿಸಬಹುದು. ಮೂತ್ರಪಿಂಡವು ಎಷ್ಟು ಬಿಗಿಹಿಡಿದರೂ ದಿನದ ಕಲ್ಮಷವನ್ನು ಹೊರಸಾಗಿಸಲು ಅದಕ್ಕೆ ಸುಮಾರು ಅರ್ಧ ಲೀಟರ್ ಮೂತ್ರವಾದರೂ ಬೇಕು. ಬೆವರಿ ಬಳಲಿದ ಶ್ರಮಿಕನು ಸಂಜೆ ಮೈಕೈನೋವಿಗೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವುದು ಇನ್ನೊಂದು ಆಪತ್ತು. ನೀರಿಂಗಿದ ದೇಹದಲ್ಲಿ ಮೂತ್ರಪಿಂಡದ ರಕ್ತಸಂಚಾರವನ್ನು ಕಾಪಾಡುವ ಸೂಕ್ಷ್ಮ ವ್ಯವಸ್ಥೆಯನ್ನೇ ಅಂತಹ ಅನೇಕ ಗುಳಿಗೆಗಳು ತಡೆಯುತ್ತವೆ. ದಿನವೂ ಹೀಗಾದರೆ ದುಡಿಮೆಗಾಗಿ ನುಂಗಿದ ಗುಳಿಗೆಯೇ ದುಡಿಮೆಯನ್ನು ಕಸಿದುಕೊಳ್ಳುವುದು.

ಸಮಸ್ಥಿತಿ ಕದಡಿದಾಗ

ಎರಡು ಅಂಗಗಳ ಸ್ವಭಾವದಲ್ಲಿ ಒಂದು ಮುಖ್ಯ ಭೇದವಿದೆ. ಯಕೃತ್ತು ಪುನಃ ಬೆಳೆಯಬಲ್ಲುದು; ಆರೋಗ್ಯವಂತನ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೂ ಉಳಿದುದು ಬೆಳೆದು ಮೊದಲಿನ ಗಾತ್ರಕ್ಕೆ ಸಮೀಪವಾಗುತ್ತದೆ. ಆದರೆ ವರ್ಷಗಟ್ಟಲೆ ಮದ್ಯಪಾನ, ಯಕೃತ್ತಿನ ಬಾವಿನ ಬಿ ಮತ್ತು ಸಿ ವಿಷಾಣುಗಳು, ಅತಿಬೊಜ್ಜು ಇವುಗಳಿಂದ ಗಾಯವಾಗುತ್ತಲೇ ಇದ್ದರೆ ಮೃದುವಾದ ಅಂಗವು ನಾರುಗಟ್ಟಿ ಗಡುಸಾಗುತ್ತದೆ. ಮೂತ್ರಪಿಂಡಕ್ಕೆ ಅಂತಹ ಪುನರ್ಜನ್ಮವಿಲ್ಲ. ನಾಶವಾದ ನೆಫ್ರಾನು ಮರಳಿ ಹುಟ್ಟದು. ಉಳಿದವು ಹೆಚ್ಚಿನ ಹೊರೆಯನ್ನು ಮೌನವಾಗಿ ಹೊರುತ್ತವೆ. ಹೀಗಾಗಿ ಶಕ್ತಿಯ ಅರ್ಧದಷ್ಟು ಕುಂದುವ ತನಕ ರೋಗಿಗೆ ನೋವಿಲ್ಲ, ಸುಳಿವಿಲ್ಲ. ಮಧುಮೇಹ ಮತ್ತು ರಕ್ತದೊತ್ತಡಗಳು ಈ ಮೌನನಾಶಕ್ಕೆ ಮುಖ್ಯ ಕಾರಣಗಳು. ಇವೆರಡರಲ್ಲಿ ಒಂದಿದ್ದವರೂ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆಗಳನ್ನು ಮಾಡಿಸತಕ್ಕದ್ದು.

ಕಾಮಣಿಯ ವಿಷಯದಲ್ಲಿ ಹಳ್ಳಿಗಳಲ್ಲಿ ಬರೆ ಹಾಕುವುದು, ಮೂಗಿಗೆ ರಸ ಹಿಂಡುವುದು ಮೊದಲಾದ ರೂಢಿಗಳಿವೆ. ಕೊಳೆನೀರಿನಿಂದ ಹರಡುವ ಎ ಮತ್ತು ಇ ವಿಷಾಣುಗಳ ಕಾಮಾಲೆಯು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿ ಗುಣವಾಗುವುದರಿಂದ ಕೀರ್ತಿಯು ಬರೆಗೆ ಸಲ್ಲುತ್ತದೆ. ಆದರೆ ಕಣ್ಣು ಹಳದಿಯಾದುದಕ್ಕೆ ಪಿತ್ತನಾಳದ ಕಲ್ಲೋ ಬಿ ವಿಷಾಣುವೋ ಕಾರಣವಾಗಿದ್ದಲ್ಲಿ, ಬರೆಯ ಗಾಯ ಮಾಯುವಷ್ಟರಲ್ಲಿ ಚಿಕಿತ್ಸೆಯ ಕಾಲವೇ ಕಳೆದುಹೋಗುವುದು. ಗರ್ಭಿಣಿಯರಿಗಂತೂ ಇ ವಿಷಾಣುವಿನ ಕಾಮಾಲೆ ಪ್ರಾಣಾಂತಿಕವಾಗಬಹುದು. ಮೊದಲು ವೈದ್ಯರ ಪರೀಕ್ಷೆ, ಉಳಿದುದು ಆಮೇಲೆ. ಹಸುಗೂಸಿಗೆ ಹುಟ್ಟಿದೊಡನೆ ಹಾಕುವ ಬಿ ವಿಷಾಣುವಿನ ಲಸಿಕೆಯು ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿಯೇ ಸೇರಿದೆ.

ಮೂತ್ರಪಿಂಡಗಳು ಪೂರ್ತಿ ಸೋತಾಗ ಯಂತ್ರದಿಂದ ರಕ್ತವನ್ನು ಸೋಸುವ ಡಯಾಲಿಸಿಸ್ ಒಂದು ಆಸರೆ. ನೆದರ್ಲೆಂಡಿನ ವಿಲ್ಲೆಮ್ ಕೋಲ್ಫ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದರ ಮೊದಲ ಯಂತ್ರವನ್ನು ನಿರ್ಮಿಸಿದನು. ಬಡವರಿಗೆ ಇದನ್ನು ಉಚಿತವಾಗಿ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವು 2016ರಲ್ಲಿ ಆರಂಭವಾಯಿತು. ಆದರೂ ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಬೇಕಾದ ಕೂಲಿಕಾರನಿಗೆ ಆ ದಿನಗಳ ಕೂಲಿಯೂ ಇಲ್ಲ, ಜೊತೆಗೆ ಬಂದವರ ಕೂಲಿಯೂ ಇಲ್ಲ. ಹಗಲಿರುಳು ನಡೆಯುವ ಕಾಯಕವನ್ನು ವಾರದ 12 ಗಂಟೆಗಳ ಯಂತ್ರ ತುಂಬಿಕೊಡಲಾರದು. ಯಕೃತ್ತಿಗಂತೂ ಬಹುಕಾಲ ಬದಲಿಯಾಗಿ ನಿಲ್ಲಬಲ್ಲ ಯಂತ್ರವೇ ಇಲ್ಲ. ಅಂಗದಾನಕ್ಕೆ 1994ರ ಕಾನೂನು ದಾರಿ ಮಾಡಿಕೊಟ್ಟಿದೆ. ಮರಣಾನಂತರ ಒಬ್ಬನು ನೀಡುವ ಎರಡು ಮೂತ್ರಪಿಂಡಗಳು ಇಬ್ಬರಿಗೆ ಜೀವದಾನ ಮಾಡಬಲ್ಲವು. ದಾಸೋಹದ ಪರಂಪರೆಯಲ್ಲಿ ಬೆಳೆದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳ ಕರ್ತವ್ಯ

ದೇಹವನ್ನು ಶುದ್ಧಿಗೊಳಿಸುತ್ತೇವೆಂದು ಸಾರುವ ಚೂರ್ಣ, ಪಾನಕಗಳ ಜಾಹೀರಾತುಗಳು ಈಗ ಹೇರಳವಾಗಿವೆ. ಆರೋಗ್ಯವಂತನ ಯಕೃತ್ತು, ಮೂತ್ರಪಿಂಡಗಳಿಗೆ ಅಂತಹ ಸಹಾಯಕರ ಅಗತ್ಯವಿಲ್ಲ. ಹೆಸರು, ಘಟಕಗಳು ತಿಳಿಯದ ಪುಡಿಗಳಲ್ಲಿ ಸೀಸ, ಪಾದರಸಗಳಿದ್ದರೆ ಹಾನಿಯೇ ಉಂಟು. ಈ ಅಂಗಗಳು ಕೇಳುವುದು ಶುದ್ಧವಾದ ನೀರು, ಹಿತಮಿತವಾದ ಆಹಾರ, ಕಡಮೆ ಉಪ್ಪು, ದುಶ್ಚಟಗಳಿಲ್ಲದ ಬಾಳು, ಇಷ್ಟೇ.

ನೀರು ಸಾಕಷ್ಟಾಯಿತೇ ಎಂಬುದಕ್ಕೆ ಅಳತೆಗೋಲು ಪ್ರತಿಯೊಬ್ಬರ ಬಳಿಯಲ್ಲಿಯೇ ಇದೆ. ಮೂತ್ರವು ಒಣಗಿದ ಜೋಳದ ಕಣಿಕೆಯಂತೆ ತಿಳಿಹಳದಿಯಾಗಿದ್ದರೆ ಸಮಾಧಾನ. ಗಾಢವಾಗಿದ್ದರೆ ಇನ್ನೊಂದು ತಂಬಿಗೆ ನೀರು ಬೇಕೆಂದು ಅರ್ಥ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯಿರುವವರು ಮಾತ್ರ ವೈದ್ಯರು ಹೇಳಿದ ಮಿತಿಯಲ್ಲಿಯೇ ಕುಡಿಯಬೇಕು. ನೀರು ಕುಡಿಯಲೆಂದೇ ಶಾಲೆಯಲ್ಲಿ ಗಂಟೆ ಬಾರಿಸುವ ಪದ್ಧತಿಯು 2019ರಲ್ಲಿ ಕೇರಳದಲ್ಲಿ ಹೆಸರಾಗಿ ಕರ್ನಾಟಕಕ್ಕೂ ಬಂದಿತು. ಆ ಗಂಟೆ ಸಾರ್ಥಕವಾಗಬೇಕಾದರೆ ಶಾಲೆಯಲ್ಲಿ ಚೊಕ್ಕಟವಾದ ಶೌಚಾಲಯವೂ ಇರಬೇಕು. ಅದಿಲ್ಲದ ಕಡೆ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಮುಟ್ಟದೆ ಕುಳಿತುಕೊಳ್ಳುತ್ತಾರೆ. ಮೂತ್ರಕೋಶದ ಸೋಂಕಿಗೂ ಹರಳಿಗೂ ಅದು ದಾರಿ. ಆದುದರಿಂದ ನೀರಿನ ಹರವಿಯನ್ನು ತುಂಬಿಸುವುದು, ಶೌಚಾಲಯವನ್ನು ಶುಚಿಯಾಗಿಡುವುದು ಪಾಠದಷ್ಟೇ ಮುಖ್ಯವಾದ ಶಾಲಾಕಾರ್ಯಗಳು.

ಮನೆಗೆ ಮರಳಿದ ವಿದ್ಯಾರ್ಥಿಯು ಗಣಿಗೆ ಹೊರಟ ತಂದೆಯ ಕೈಗೆ ನೀರಿನ ಕ್ಯಾನನ್ನೂ ಉಪ್ಪು ಹಾಕಿದ ಮಜ್ಜಿಗೆಯನ್ನೂ ಇತ್ತು, ಸಂಜೆ ನುಂಗುವ ಗುಳಿಗೆಯ ಹೆಸರನ್ನು ವಿಚಾರಿಸಿದರೆ, ಸಕ್ಕರೆ ಕಾಯಿಲೆಯ ಅಜ್ಜಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕರೆದೊಯ್ದರೆ, ಶರೀರಶಾಸ್ತ್ರದ ಪಾಠವನ್ನು ಕಲಿತಂತಾಯಿತು. ಬೇಡುವುದನ್ನರಿಯದ, ದಣಿವನ್ನು ತೋರದ ಈ ಅಂಗಗಳ ಕಾಯಕಕ್ಕೆ ಮನುಷ್ಯನು ಸಲ್ಲಿಸಬಹುದಾದ ಗೌರವವೂ ಅದೇ.